ಸರ್ವರ್ ಬ್ಯುಸಿ ಇದ್ದ ದಿನದ ಕೂಲಿ ಯಾರ ಲೆಕ್ಕಕ್ಕೆ?

ಕೂಟಗಲ್ ಹೋಬಳಿಯ ಯಾವ ಊರಿಗೆ ಹೋದರೂ ಒಂದು ಇಂಗ್ಲಿಷ್ ಪದ ಎಲ್ಲರಿಗೂ ಗೊತ್ತು: ಸರ್ವರ್. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ‘ಸರ್ವರ್ ಇಲ್ವಂತೆ ಕಣವ್ವ, ನಾಳೆ ಬಾ ಅಂದ್ರು’ ಎಂದು ಬರಿಗೈಲಿ ಮನೆಗೆ ಬರ್ತಾರೆ. ಮಳೆ ಇಲ್ಲ ಅನ್ನೋ ಹಾಗೆ ಹೇಳ್ತಾರೆ, ಯಾರನ್ನೂ ಬೈಯೋ ಹಾಗಿಲ್ಲ ಅನ್ನೋ ಧಾಟಿಯಲ್ಲಿ. ನಮ್ಮ ತಕರಾರು ಇರುವುದು ಇಲ್ಲೇ. ಮಳೆ ಆಕಾಶದಿಂದ ಬರುತ್ತೆ. ಸರ್ವರ್ ಮನುಷ್ಯರು ಕಟ್ಟಿದ್ದು, ಅದೂ ನಮ್ಮ ತೆರಿಗೆ ದುಡ್ಡಲ್ಲಿ.

ಕೇಳಿದರೆ ಮೊದಲು ಬರುವ ಉತ್ತರ, ‘ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ’. ಕೆಲವು ಸಲ ನಿಜ, ಒಪ್ಪೋಣ. ಆದರೆ ಅದೇ ಫೋನು, ಅದೇ ಟವರು, ಟೀ ಅಂಗಡಿಗೆ ಹತ್ತು ರೂಪಾಯಿ ಕಳಿಸಿದರೆ ಅಣ್ಣನ ಸ್ಪೀಕರ್ ತಕ್ಷಣ ಕೂಗುತ್ತಲ್ಲ? 2016ರಲ್ಲಿ ಶುರುವಾದ ಯುಪಿಐ ಈಗ ಬಟನ್ ಫೋನಿನಲ್ಲೂ ನಡೆಯುತ್ತೆ. ದುಡ್ಡು ಓಡಾಡುವ ದಾರಿಯಲ್ಲಿ ಅರ್ಜಿ ಯಾಕೆ ಸಿಕ್ಕಿಹಾಕಿಕೊಳ್ಳುತ್ತೆ?

ಒಂದು ಸಣ್ಣ ಲೆಕ್ಕ ಹಾಕಿ. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಯೂನಿಕೋಡ್ ಅಕ್ಷರಕ್ಕೆ ಸಾಮಾನ್ಯವಾಗಿ 3 ಬೈಟ್ ಜಾಗ ಬೇಕು. ಒಂದು ಪುಟದಲ್ಲಿ 3,000 ಅಕ್ಷರ ಇದೆ ಅಂದುಕೊಂಡರೂ ಸುಮಾರು 9 ಕೆಬಿ. ಬೆಳಗ್ಗೆ ಎದ್ದರೆ ವಾಟ್ಸಾಪ್ ತುಂಬ ಬರುವ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅದರ ಹತ್ತು ಪಟ್ಟು ಇರುತ್ತೆ. ಪಹಣಿಯೋ ಆದಾಯ ಪ್ರಮಾಣಪತ್ರವೋ, ಒಳಗಿರುವ ಮಾಹಿತಿ ಇಷ್ಟೇ ಹಗುರ. ಭಾರ ಇರುವುದು ಅದರ ಸುತ್ತ: ನಾಯಕರ ದೊಡ್ಡ ದೊಡ್ಡ ಫೋಟೊ, ಓಡಾಡುವ ಬ್ಯಾನರ್, ಯಾರೂ ಒತ್ತದ ಬಟನ್‌ಗಳು, ಅವುಗಳ ಹಿಂದೆ ಇಳಿಯಬೇಕಾದ ಒಂದು ರಾಶಿ ಕೋಡು.

ಹಿಂದೆ ನೋಡಿ. ನಮ್ಮ ರಾಜ್ಯದಲ್ಲಿ ‘ಭೂಮಿ’ ಬಂದಿದ್ದು 2000–01ರ ಹೊತ್ತಿಗೆ. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಆಗಿನ ಆ ಕಂಪ್ಯೂಟರುಗಳಿಗಿಂತ ಇವತ್ತು ನಿಮ್ಮ ಜೇಬಿನಲ್ಲಿರುವ ಅಗ್ಗದ ಫೋನಿಗೆ ಎಷ್ಟೋ ಪಟ್ಟು ಶಕ್ತಿ ಜಾಸ್ತಿ. ಪಾಸ್ಕಲ್ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು, ಯಂತ್ರ ಚುರುಕಾಗುವ ವೇಗಕ್ಕಿಂತ ಸಾಫ್ಟ್‌ವೇರ್ ನಿಧಾನವಾಗುವ ವೇಗವೇ ಹೆಚ್ಚು ಅಂತ. ಜಾಗ ಸಿಕ್ಕಿತಲ್ಲ ಅಂತ ಬೇಕಾದ್ದು ಬೇಡದ್ದು ಎಲ್ಲ ತುಂಬುವ ಬುದ್ಧಿ ಅದು. ನಾವು ನೋಡಿದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವರು ಇವತ್ತಿಗೂ ಹಳೆಯ ವರ್ಷನ್ನೇ ಇಟ್ಟುಕೊಂಡಿದ್ದಾರೆ. ಹೊಸದನ್ನು ಹಾಕಿದರೆ ಅವರ ಕಂಪ್ಯೂಟರ್ ಒಂದು ಬಾರ್ಡರ್ ಎಳೆಯೋಕೆ ಉಸಿರು ಬಿಡುತ್ತಂತೆ! ಅವರಿಗೆ ಹಳೆಯದರಲ್ಲೇ ಉಳಿಯುವ ಆಯ್ಕೆ ಇದೆ. ಅರ್ಜಿ ಹಾಕುವ ನಮಗೆ ಇಲ್ಲ.

ಇನ್ನು ದಾಖಲೆ ಅಪ್‌ಲೋಡ್ ಮಾಡುವ ಕಷ್ಟ. ಫೋನಿನಲ್ಲಿ ಫೋಟೊ ತೆಗೆದರೆ ಮೂರ್ನಾಲ್ಕು ಎಂಬಿ. ಪರದೆ ಮೇಲೆ ‘200 ಕೆಬಿ ಒಳಗಿರಲಿ’ ಅಂತ ಕೆಂಪಕ್ಷರ. ಕೆಬಿ ಅಂದ್ರೇನು, ಇಳಿಸೋದು ಹೇಗೆ, ಯಾರೂ ಹೇಳಲ್ಲ. ಚಿತ್ರವನ್ನು ತಾನೇ ಕುಗ್ಗಿಸಿಕೊಳ್ಳುವ ಹಾಗೆ ಪುಟ ಬರೆಯೋದು ಕಲಿತವರಿಗೆ ದೊಡ್ಡ ಕೆಲಸ ಅಲ್ಲ. ಅಲ್ಲಿವರೆಗೂ ಒಂದು ಉಪಾಯ: ಫೋಟೊವನ್ನು ವಾಟ್ಸಾಪ್‌ನಲ್ಲಿ ಮನೆಯವರಿಗೇ ಕಳಿಸಿ, ಅವರಿಂದ ವಾಪಸ್ ತರಿಸಿಕೊಳ್ಳಿ. ಎಂಬಿಯಿಂದ ಕೆಬಿಗೆ ಇಳಿದಿರುತ್ತೆ. ಅದಾದ ಮೇಲೂ ಒಟಿಪಿ ತಡವಾಗಿ ಬಂದು, ಅಷ್ಟರಲ್ಲಿ ಪುಟ ‘ಸಮಯ ಮುಗಿಯಿತು’ ಅಂತ ಮುಚ್ಚಿಕೊಂಡು, ತುಂಬಿದ್ದೆಲ್ಲ ಅಳಿಸಿಹೋಗಿ ಮತ್ತೆ ಹೆಸರಿನಿಂದ ಶುರು ಮಾಡಿದ್ದು ನಮ್ಮಲ್ಲಿ ಎಷ್ಟೋ ಜನಕ್ಕೆ ಆಗಿದೆ.

ಬೆಂಗಳೂರಿನಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವರಿಗೆ ಇದರ ಬೆಲೆ ಗೊತ್ತಿದೆಯಾ? ರೇಷ್ಮೆ ಮನೆಯನ್ನೇ ತಗೊಳ್ಳಿ. ನಾಲ್ಕನೇ ಜ್ವರ ಎದ್ದ ಹುಳ ಒಂದು ವಾರ ಎಡೆಬಿಡದೆ ಮೇಯುತ್ತೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಈ ದಿನಗಳಲ್ಲೇ ಖರ್ಚು. ಸೊಪ್ಪು ಕುಯ್ಯಬೇಕು, ಹೊರಬೇಕು, ಹೊತ್ತುಹೊತ್ತಿಗೆ ಹಾಕಬೇಕು. ಆ ವಾರದಲ್ಲಿ ಹೆಬ್ಬೆಟ್ಟು ಒತ್ತೋಕೆ ಅಂತ ಮನೆಯ ಒಂದಾಳು ದಿನವಿಡೀ ಸೇವಾ ಕೇಂದ್ರದ ಮುಂದೆ ಕೂತರೆ, ಹುಳ ಕಾಯುತ್ತಾ? ಹಣ್ಣಾದ ಹುಳವನ್ನು ಚಂದ್ರಂಕಿಗೆ ಬಿಡೋದನ್ನ ನಾಳೆಗೆ ಅಂತ ತಳ್ಳೋಕಾಗುತ್ತಾ? ಕೂಲಿಗೆ ಹೋಗುವವರಿಗಂತೂ ಅವತ್ತಿನ ಸಂಬಳ ಹೋದ ಹಾಗೆ, ಬಸ್ಸಿನ ಇಲ್ಲವೇ ಆಟೊ ಚಾರ್ಜು ಬೇರೆ. ಇನ್ನೊಂದು ಮಾತು, ದಯವಿಟ್ಟು ಕೇಂದ್ರದ ಹುಡುಗನಿಗೋ ಹುಡುಗಿಗೋ ಬೈಯಬೇಡಿ. ಅವರ ಮುಂದೆ ತಿರುಗುವ ಚಕ್ರವೂ ಅದೇ.

ಜನ ಒಮ್ಮೆಲೇ ಬಂದರು, ಅದಕ್ಕೆ ಸರ್ವರ್ ಕುಸಿಯಿತು ಅನ್ನೋದು ಇನ್ನೊಂದು ಸಬೂಬು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ಎಷ್ಟೋ ಕಡೆ ಮಹಿಳೆಯರು ಸರ್ವರ್‌ಗಾಗಿ ಸಾಲಲ್ಲಿ ಕಾದರು. ರೇಷನ್ ಕಾರ್ಡ್ ಎಷ್ಟಿವೆ, ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ಬರುತ್ತಾರೆ ಅನ್ನೋದು ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಜಾತ್ರೆಗೆ ಅಡುಗೆ ಮಾಡುವ ಭಟ್ಟರು ಜನರ ಅಂದಾಜು ಹಾಕದೆ ಒಲೆ ಹಚ್ಚುತ್ತಾರಾ? ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಜನವರಿಯಲ್ಲಿ ಕುಂಟಿದಾಗ, ಸುಳ್ಳು ಕೋರಿಕೆಗಳ ಮಳೆ ಸುರಿಸಿದ ಸೈಬರ್ ದಾಳಿ ಅದು ಅಂತ ಸರ್ಕಾರ ಹೇಳಿತು. ದಾಳಿ ಮಾಡಿದವರನ್ನು ಹಿಡಿಯಲಿ. ಆದರೆ ದಾಳಿ ಇಲ್ಲದ ದಿನ ತಡ ಆದರೆ ಉತ್ತರ ಕೊಡುವವರು ಯಾರು?

ಇದಕ್ಕೊಂದು ಕಾನೂನು ಇದೆ, ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ಗೊತ್ತುಮಾಡಿದ ದಿನದೊಳಗೆ ಕೆಲಸ ಆಗದಿದ್ದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಒಳ್ಳೆ ಕಾನೂನು. ಆದರೆ ಸಕಾಲದ ಗಡಿಯಾರ ಓಡೋಕೆ ಶುರುವಾಗೋದು ಅರ್ಜಿ ಒಳಗೆ ಹೋಗಿ 15 ಅಂಕಿಯ ಸಂಖ್ಯೆ ಬಂದ ಮೇಲೆ. ಸರ್ವರ್ ಅರ್ಜಿಯನ್ನೇ ತಗೊಳ್ಳದಿದ್ದರೆ? ಮೂರು ದಿನ ಅಲೆದರೂ ಸರ್ಕಾರದ ಲೆಕ್ಕದಲ್ಲಿ ನೀವು ಬಂದೇ ಇಲ್ಲ. ಅಂಕಿಅಂಶದಲ್ಲಿ ಎಲ್ಲವೂ ಸಕಾಲಕ್ಕೇ ಆಗಿರುತ್ತೆ.

ಅದಕ್ಕೇ ನಾವು ಕೇಳೋದು, ಬಾಗಿಲಲ್ಲಿ ನಿಂತ ದಿನವನ್ನೂ ಎಣಿಸಿ. ಸರ್ವರ್ ಇಲ್ಲದ ದಿನ ಬಂದವರಿಗೆ ದಿನಾಂಕ, ಸಮಯ ಬರೆದ ಒಂದು ಚೀಟಿ ಕೊಡಿ. ಆ ಚೀಟಿಯ ದಿನದಿಂದಲೇ ಸಕಾಲದ ಗಡಿಯಾರ ಓಡಲಿ, ಕೊನೆಯ ದಿನಾಂಕ ಇರುವ ಅರ್ಜಿಗೆ ಅಷ್ಟು ದಿನ ಹೆಚ್ಚು ಸಿಗಲಿ. ಹೊಸ ಪೋರ್ಟಲ್ ಬಿಡುವ ಮುಂಚೆ ಅದನ್ನು ಹಳ್ಳಿಯ ಒಂದು ಹಳೆ ಫೋನಿನಲ್ಲಿ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ತೆರೆದು ನೋಡಿ. ಅರ್ಧ ತುಂಬಿದ ಅರ್ಜಿ ಅಳಿಯದೆ ಉಳಿಯಲಿ.

ಚೀಟಿ ಕೊಡುವ ತನಕ ನೀವೇ ಲೆಕ್ಕ ಇಡಿ. ಸರ್ವರ್ ಕೈಕೊಟ್ಟಾಗ ದಿನಾಂಕ, ಗಂಟೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೇಂದ್ರದಲ್ಲಿ ಆಗಿದ್ದರೆ ಅವರ ಪರದೆಯ ಫೋಟೊ ಸಾಕು. ಮುಂದಿನ ಗ್ರಾಮಸಭೆಗೆ ಹೋಗುವಾಗ ಎಲ್ಲರೂ ಅವನ್ನು ಒಟ್ಟು ಮಾಡಿ ತಗೊಂಡು ಹೋಗಿ, ಎಷ್ಟು ಜನ, ಎಷ್ಟು ದಿನ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ.