ಕೈ ಹಿಡಿದು ನಿಂತದ್ದಾಯಿತು, ಇನ್ನು ಕೇಳುವುದು ಯಾವಾಗ?

2022ರ ಅಕ್ಟೋಬರ್ 28ರಂದು ನಾಡಿನಲ್ಲೆಲ್ಲಾ ‘ಕೋಟಿ ಕಂಠ ಗಾಯನ’ ನಡೆಯಿತು. ಶಾಲೆ, ಕಛೇರಿ, ಮೈದಾನಗಳಲ್ಲಿ ಜನರು ಒಂದೇ ಹೊತ್ತಿಗೆ ಕನ್ನಡದ ಹಾಡುಗಳನ್ನು ಹಾಡಿದರು. ಮೂರು ತಿಂಗಳು ತುಂಬುವ ಮೊದಲೇ, 2023ರ ಜನವರಿಯಲ್ಲಿ, ನಮ್ಮ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ಭಾರತೀಯ ಉಕ್ಕು ಪ್ರಾಧಿಕಾರವು ತೀರ್ಮಾನಿಸಿತು. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಗೆ ನೂರು ತುಂಬಿದಾಗ ದೊರೆತ ಉಡುಗೊರೆ ಇದು! ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಹಾಡಿದ ಕೋಟಿ ಕಂಠಗಳಲ್ಲಿ ಎಷ್ಟು ಅವರ ಪರವಾಗಿ ಎದ್ದವು?

ಸರ್ಕಾರ ಬದಲಾಯಿತು, ಚಾಳಿ ಬದಲಾಗಲಿಲ್ಲ. 2024ರ ಸೆಪ್ಟೆಂಬರ್ 15ರಂದು ಬೀದರಿನಿಂದ ಚಾಮರಾಜನಗರದವರೆಗೆ, 31 ಜಿಲ್ಲೆಗಳಲ್ಲಿ, ಸುಮಾರು 2,500 ಕಿಲೋಮೀಟರು ಉದ್ದದ ಮಾನವ ಸರಪಳಿ ಕಟ್ಟಿದರು. ಸಂವಿಧಾನದ ಪೀಠಿಕೆಯನ್ನು ಓದಿಸಿದರು. ಓದಿಸಿದ್ದು ಒಳ್ಳೆಯದೇ. ಆದರೆ ಆ ಪೀಠಿಕೆಯಲ್ಲಿ ಆರ್ಥಿಕ ನ್ಯಾಯವೆಂಬ ಮಾತೂ ಉಂಟಷ್ಟೆ? ಅದರ ಲೆಕ್ಕ ಕೇಳಲು ಸಾಲಿನಲ್ಲಿ ನಿಂತವರಿಗೆ ಯಾರು ಅವಕಾಶ ಕೊಟ್ಟರು? ಎಷ್ಟು ತಲೆ ನಿಂತವೆಂದು ಎಣಿಸಿದರೇ ಹೊರತು, ನಿಂತವರಿಗೆ ಏನು ಬೇಕೆಂದು ವಿಚಾರಿಸಲಿಲ್ಲ. ನಾವು ಮೇಷ್ಟರಾಗಿದ್ದವರು. ಒಂದು ಸುತ್ತೋಲೆ ಬಂದರೆ ಮಕ್ಕಳ ಸಾಲು ಹೇಗೆ ಬೀದಿಗೆ ಬರುತ್ತದೆಂಬುದನ್ನು ಚೆನ್ನಾಗಿ ಬಲ್ಲೆವು.

“ಹಾಗಾದರೆ ಈ ಆಟವೇ ಬೇಡ, ಮುಷ್ಕರವೊಂದೇ ಸಾಕು” ಎನ್ನುವ ಗೆಳೆಯರಿದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಇದೇ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಂಡತಂಡವಾಗಿ ಹೊಲಕ್ಕಿಳಿದು ಬಂಧನಕ್ಕೊಳಗಾದರು. ಡಾ. ಲೋಹಿಯಾ ಅವರೂ ಬಂದು ದಸ್ತಗಿರಿಯಾದರು. 1979ರಲ್ಲಿ ‘ಸಮುದಾಯ’ ತಂಡದವರು ಜಾಥಾ ಹೊರಟು ಊರೂರಿನ ಬೀದಿಯಲ್ಲಿ ನಾಟಕವಾಡಿದರು. ಇವರಿಗೆ ಯಾವ ಸುತ್ತೋಲೆಯೂ ಹೋಗಿರಲಿಲ್ಲ. ಬೀದಿಗೆ ಬಂದವರಿಗೆ ತಾವೇಕೆ ಬಂದೆವೆಂಬುದು ಗೊತ್ತಿತ್ತು.

ಆದ್ದರಿಂದ ಜನ್ನಾಪುರದ ಬಂಧುಗಳ ಮುಂದೆ ಒಂದು ಸಲಹೆಯಿಡುತ್ತೇವೆ. ಪ್ರತಿ ಮನೆಯಿಂದ ಒಂದು ಮೊಳ ಬಟ್ಟೆ ಬರಲಿ. ಕಾರ್ಮಿಕನು ತಾನು ದುಡಿದ ವರ್ಷಗಳನ್ನು ಅದರ ಮೇಲೆ ತನ್ನ ಕೈಯಿಂದಲೇ ಬರೆಯಲಿ. ತಿಂಗಳಿಗೆ ಎಷ್ಟು ದಿನ ಕೆಲಸ ಸಿಕ್ಕಿತೆಂದು ಗುತ್ತಿಗೆಯವನು ಬರೆಯಲಿ. ಉದ್ದರಿ ಪುಸ್ತಕದಲ್ಲಿ ವಸೂಲಾಗದೆ ನಿಂತ ಮೊತ್ತವನ್ನು ಅಂಗಡಿಯವರು ಬರೆಯಲಿ. 2015ರಲ್ಲಿ ಉತ್ಪಾದನೆ ನಿಂತ ಕಾಗದ ಕಾರ್ಖಾನೆಯ ಮನೆಗಳವರೂ ಬರಲಿ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಲಿ. ನಮ್ಮ ದರ್ಜಿಗಳು ಎಲ್ಲವನ್ನೂ ಒಂದಾಗಿ ಹೊಲಿಯಲಿ. ಆ ಬಟ್ಟೆಯನ್ನು ಹಿಡಿದು ಜನ್ನಾಪುರದಿಂದ ಕಾರ್ಖಾನೆಯ ಗೇಟಿನವರೆಗೆ ಸಾಲಾಗಿ ನಿಲ್ಲೋಣ. ವೇದಿಕೆ ಬೇಡ, ಹಾರ ಬೇಡ, ಮಂತ್ರಿಗಳ ಭಾಷಣ ಬೇಡ. ಶಾಲೆಯ ಮಕ್ಕಳನ್ನು ಬಿಸಿಲಿಗೆ ತರುವುದಂತೂ ಬೇಡವೇ ಬೇಡ.

ವ್ಯಾಪಾರಿ ಮಿತ್ರರೇ, ಇದು ಕಾರ್ಮಿಕರ ಜಗಳವೆಂದು ಕದವಿಕ್ಕಿಕೊಳ್ಳಬೇಡಿ. ಕಾರ್ಖಾನೆಯ ಸಂಬಳ ನಿಂತರೆ ನಿಮ್ಮ ತಕ್ಕಡಿಯೂ ನಿಲ್ಲುತ್ತದೆ. ಹೊಸ ಬಂಡವಾಳ ಯಾವ ದಿನ ಬರುತ್ತದೆ, ಗುತ್ತಿಗೆಯವರಿಗೆ ತಿಂಗಳು ಪೂರ್ತಿ ಕೆಲಸ ಯಾವ ದಿನದಿಂದ? ಈ ಎರಡು ಪ್ರಶ್ನೆಗಳನ್ನು ಬಟ್ಟೆಯ ಎರಡು ತುದಿಗಳಲ್ಲಿ ದೊಡ್ಡದಾಗಿ ಬರೆಯೋಣ. ಉತ್ತರ ಬರುವವರೆಗೆ ಅದನ್ನು ಮಡಿಸಿಡಬಾರದು.