ಗೊರಕೆ ಅಂದ್ರೆ ಸುಖನಿದ್ದೆ ಅಲ್ಲ ಸ್ವಾಮಿ!

"ಎಷ್ಟು ಸುಖವಾಗಿ ಮಲಗಿದಾನೆ ನೋಡು!"

ಅಪ್ಪನ ಗೊರಕೆ ಕೇಳಿ ನಮ್ಮತ್ತೆ ಹೇಳೋ ಮಾತಿದು. ಆ ಸುಖವನ್ನ ಒಂದು ರಾತ್ರಿ ಎದ್ದು ಕೂತು ನೋಡಿದೆ. ಗೊರಕೆ ಏರುತ್ತಾ ಹೋಗಿ ಇದ್ದಕ್ಕಿದ್ದ ಹಾಗೆ ನಿಂತೇಹೋಯ್ತು. ಮೊಬೈಲ್ ಹಿಡಿದು ಎಣಿಸಿದೆ. 22 ಸೆಕೆಂಡು ಉಸಿರೇ ಇಲ್ಲ! ಆಮೇಲೆ ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಂದು ಏದುಸಿರು. ಇದು ಸುಖವೇ, ನೀವೇ ಹೇಳಿ. ಹಗಲು ಹೊತ್ತು ಇದೇ ಅಪ್ಪ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೇ ತೂಕಡಿಸ್ತಾರೆ.

ಪರಿಹಾರ ಹುಡುಕಿದರೆ ಸಿಗೋದು ಮೂಗಿನ ಕ್ಲಿಪ್ಪು, ಗದ್ದಕ್ಕೆ ಕಟ್ಟೋ ಪಟ್ಟಿ. ಅಲ್ಲಾ, ಮುಚ್ಚಿಕೊಳ್ತಿರೋದು ಗಂಟಲಿನ ದಾರಿ, ಮೂಗಿಗೆ ಕ್ಲಿಪ್ ಹಾಕಿ ಏನು ಬಂತು? ಸರ್ವರ್ ಬಿದ್ದಿರುವಾಗ ಮಾನಿಟರ್ ಒರೆಸಿದ ಹಾಗಾಯ್ತು.

ಡಾಕ್ಟರೊಬ್ಬರು ಬಾಯೊಳಗೆ ಟಾರ್ಚ್ ಬಿಟ್ಟವರೇ "ಕಿರುನಾಲಿಗೆ ಆಪರೇಷನ್ ಮಾಡಿಬಿಡೋಣ" ಅಂದರು. ನಿದ್ದೆಯ ಪರೀಕ್ಷೆಯೇ ಆಗಿಲ್ಲ! ಲಾಗ್ ನೋಡದೆ ಕೋಡ್ ಬದಲಾಯಿಸಿದರೆ ನಮ್ಮ ಮ್ಯಾನೇಜರ್ ಸುಮ್ಮನಿರ್ತಾರಾ? ಅಂಥ ಆಪರೇಷನ್ನಿನಿಂದ ಸದ್ದು ಅಡಗಿಯೂ ಉಸಿರು ಕಟ್ಟೋದು ಹಾಗೇ ಉಳಿಯಬಹುದು. ಅದು ಇನ್ನೂ ಅಪಾಯ, ಯಾಕಂದ್ರೆ ಪಕ್ಕದಲ್ಲಿದ್ದವರಿಗೂ ಗೊತ್ತಾಗಲ್ಲ.

ಬೇರೆ ಕಡೆ ಪರೀಕ್ಷೆ ಮಾಡಿಸಿದೆವು. ಗಂಟೆಗೆ 5ಕ್ಕಿಂತ ಕಡಿಮೆ ಸಲ ಉಸಿರು ತಡೆದರೆ ಸರಿ, 30 ದಾಟಿದರೆ ತೀವ್ರ. ಅಪ್ಪನದು 41.

ಈ ಮಟ್ಟಕ್ಕೆ ಮೊದಲ ಮದ್ದು ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಜಗತ್ತಿಗೆ ತೋರಿಸಿದ್ದು. ಗಾಳಿಯ ಒತ್ತಡದಿಂದ ಗಂಟಲನ್ನ ತೆರೆದಿಡುತ್ತೆ, ಅಷ್ಟೇ. ಆದರೆ ಮುಖಕ್ಕೆ ಹಾಕಿಕೊಂಡಷ್ಟು ಹೊತ್ತು ಮಾತ್ರ ಕೆಲಸ. ಬಾಯಿ ಒಣಗುತ್ತೆ, ಮಾಸ್ಕ್ ಸೋರುತ್ತೆ, ಬಹಳ ಜನ ಅಟ್ಟಕ್ಕೆ ಹಾಕ್ತಾರೆ. ಇದನ್ನ ಮಾರೋರು ಹೇಳಲ್ಲ. ಕೆಳದವಡೆಯನ್ನ ಮುಂದಕ್ಕೆ ಹಿಡಿಯೋ ಸಾಧನ ಅಷ್ಟು ಬಲವಾದದ್ದಲ್ಲ, ಆದರೆ ಕಾಯಿಲೆ ಹದವಾಗಿದ್ದರೆ ಒಳ್ಳೇದೇ. ದಂತವೈದ್ಯರ ಹತ್ತಿರ ಅಳತೆ ಕೊಟ್ಟು ಮಾಡಿಸಬೇಕು. ಬೊಜ್ಜಿದ್ದವರು ತೂಕ ಇಳಿಸಿದರೆ ನಿಜಕ್ಕೂ ಲಾಭ. ಅಂಥವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಪ್ಪ ಸಣಕಲು, ಆ ದಾರಿ ನಮಗಿಲ್ಲ. (ದಪ್ಪಗಿದ್ದವರಿಗೆ ಮಾತ್ರ ಬರುತ್ತೆ ಅನ್ನೋದೂ ಸುಳ್ಳು!)

ಮೊದಲ ವಾರ ಅಪ್ಪ ಮಾಸ್ಕ್ ಕಿತ್ತೆಸೆದರು. ಬೇರೆ ಅಳತೆಯದು ತಂದ ಮೇಲೆ ಹೊಂದಿಕೊಂಡರು. ನಿನ್ನೆ ರಾತ್ರಿ 5 ಗಂಟೆ 10 ನಿಮಿಷ ಅಂತ ಯಂತ್ರ ತೋರಿಸ್ತಿದೆ. ಅತ್ತೆಗೆ ಮಾತ್ರ ಇನ್ನೂ ಅನುಮಾನ: "ಗೊರಕೆನೇ ಇಲ್ವಲ್ಲೋ, ನಿಮ್ಮಪ್ಪನಿಗೆ ನಿದ್ದೆ ಬಂತೋ ಇಲ್ವೋ?"