ಕಾದಂಬರಿಯ ಸುಲ್ತಾನರಿಗೆ ನಾವೇಕೆ ವಾರಸುದಾರರು?

ಬೆಳ್ತಂಗಡಿಯ ಬಳಿ ಒಂಟಿಯಾಗಿ ಎದ್ದು ನಿಂತಿರುವ ಬೃಹತ್ ಬಂಡೆಗೆ ಮೂರು ಹೆಸರುಗಳಿವೆ. ಊರವರ ಬಾಯಲ್ಲಿ ಅದು ಗಡಾಯಿಕಲ್ಲು. ಕೆಲವರಿಗೆ ನರಸಿಂಹಗಡ. ಗ್ರಂಥಗಳಲ್ಲಿ ಜಮಲಾಬಾದ್. 1794ರಲ್ಲಿ ಅಲ್ಲಿ ಕೋಟೆ ಕಟ್ಟಿಸಿದ ಟಿಪ್ಪು ಸುಲ್ತಾನ್ ಅದಕ್ಕೆ ತನ್ನ ತಾಯಿಯ ಹೆಸರನ್ನಿಟ್ಟನೆಂಬುದು ಪ್ರತೀತಿ. ಒಂದು ಕಾಲದಲ್ಲಿ ಈ ಮೂರು ಹೆಸರುಗಳೂ ಪರಸ್ಪರ ಜಗಳವಾಡದೆ ಒಂದೇ ಕಲ್ಲಿನ ಮೇಲೆ ವಾಸವಾಗಿದ್ದವು. ಈಗ ಹಾಗಿಲ್ಲ. ಒಬ್ಬಾತ ಯಾವ ಹೆಸರನ್ನು ಉಚ್ಚರಿಸುತ್ತಾನೆ ಎಂಬುದರಿಂದಲೇ ಆತ ಯಾವ ಕಥೆಯನ್ನು ನಂಬಿದವನು ಎಂದು ನಿರ್ಧರಿಸಿಬಿಡುವ ಸ್ಥಿತಿ ನಮ್ಮ ತಾಲೂಕುಗಳಲ್ಲಿ ಬಂದೊದಗಿದೆ.

ಕಥೆ ಎಂಬ ಪದವನ್ನು ನಾವು ಬೇಕೆಂದೇ ಬಳಸಿದ್ದೇವೆ. ಟಿಪ್ಪು, ತುಘಲಕ್, ಔರಂಗಜೇಬರ ಬಗ್ಗೆ ಬಂಟ್ವಾಳದ ಚಹಾದಂಗಡಿಯಲ್ಲಾಗಲಿ ಮೂಡಬಿದ್ರೆಯ ಕಾಲೇಜು ಆವರಣದಲ್ಲಾಗಲಿ ನಡೆಯುವ ವಾಗ್ವಾದಗಳನ್ನು ಕಿವಿಗೊಟ್ಟು ಕೇಳಿದರೆ, ಅಲ್ಲಿ ಇತಿಹಾಸ ಗ್ರಂಥಗಳ ಉಲ್ಲೇಖ ಬರುವುದು ಅಪರೂಪ. ಒಬ್ಬ ಟಿವಿ ಧಾರಾವಾಹಿಯಲ್ಲಿ ನೋಡಿದ್ದನ್ನು ಹೇಳುತ್ತಾನೆ. ಇನ್ನೊಬ್ಬ ಕಾದಂಬರಿಯಲ್ಲಿ ಓದಿದ್ದನ್ನು, ಮತ್ತೊಬ್ಬ ಕಾದಂಬರಿ ಓದಿದವರಿಂದ ಕೇಳಿದ್ದನ್ನು. ಯಾರೋ ಕಲ್ಪಿಸಿ ಬರೆದ ಸನ್ನಿವೇಶ ಎರಡನೆಯ ಬಾಯಿಗೆ ಬರುವಾಗ ಘಟನೆಯಾಗುತ್ತದೆ, ಮೂರನೆಯ ಬಾಯಿಗೆ ಬರುವಾಗ ಸಾಕ್ಷ್ಯವಾಗುತ್ತದೆ. ಆ ಸಾಕ್ಷ್ಯದ ಆಧಾರದಲ್ಲಿ ಇಂದಿನ ಮುಸ್ಲಿಮ್ ಸಮುದಾಯದ ವಿಚಾರಣೆ ನಡೆಯುತ್ತದೆ.

ಇದರ ಅರ್ಥ ಕಾದಂಬರಿಕಾರನಿಗೆ ಕಲ್ಪಿಸುವ ಹಕ್ಕಿಲ್ಲವೆಂದಲ್ಲ. ಮೂಡಬಿದ್ರೆ ರತ್ನಾಕರವರ್ಣಿಯ ನೆಲ. ಹದಿನಾರನೆಯ ಶತಮಾನದ ಆ ಕವಿ ತನ್ನ 'ಭರತೇಶ ವೈಭವ'ದಲ್ಲಿ ಜೈನ ಪರಂಪರೆಯ ಚಕ್ರವರ್ತಿಯನ್ನು ತನಗೆ ಬೇಕಾದಂತೆ ಪುನಃ ಸೃಷ್ಟಿಸಿದ. ಬಾಹುಬಲಿಯೊಂದಿಗಿನ ಕಾಳಗವನ್ನೂ ಮಾತಿನ ಮೂಲಕವೇ ಬಗೆಹರಿಸಿದ. ಸಂಪ್ರದಾಯಸ್ಥರಿಗೆ ಅದು ಸರಿಬರಲಿಲ್ಲವೆಂಬ ಐತಿಹ್ಯವಿದೆ, ಕಾವ್ಯ ಮಾತ್ರ ಉಳಿಯಿತು. ತ.ರಾ.ಸು. ಅವರ 'ದುರ್ಗಾಸ್ತಮಾನ'ದಲ್ಲಿ ಹೈದರಲಿ ಎದುರಾಳಿ. ಹಾಗೆಂದು ಆ ಕೃತಿಯನ್ನು ಓದಲು ಕನ್ನಡದ ಮುಸ್ಲಿಮ್ ಓದುಗ ಹಿಂಜರಿಯಬೇಕಾಗಿಲ್ಲ. ಗಿರೀಶ್ ಕಾರ್ನಾಡರು 1964ರಲ್ಲಿ 'ತುಘಲಕ್' ಬರೆದಾಗ ಆ ದೊರೆಯ ಆದರ್ಶ, ಕ್ರೌರ್ಯ, ಹುಚ್ಚು ಎಲ್ಲವೂ ರಂಗದ ಮೇಲೆ ಬಂದವು. ಜನ ಅದರಲ್ಲಿ ಕಂಡದ್ದು ಮುಸಲ್ಮಾನನನ್ನಲ್ಲ, ಸ್ವಾತಂತ್ರ್ಯೋತ್ತರ ಭಾರತದ ಭ್ರಮನಿರಸನವನ್ನು. ಕೃತಿಯ ಗುಣದಷ್ಟೇ ಓದುವ ಕಾಲದ ಗುಣವೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭಗವಾನ್ ಗಿದ್ವಾನಿಯವರ ಕಾದಂಬರಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' 1976ರಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿದ ಧಾರಾವಾಹಿಯ ಚಿತ್ರೀಕರಣದ ವೇಳೆ, 1989ರ ಫೆಬ್ರವರಿಯಲ್ಲಿ, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ದೂರದರ್ಶನದಲ್ಲಿ ಪ್ರಸಾರಕ್ಕೆ ವಿರೋಧ ಬಂದು, ವಿವಾದ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಇದು ಕಾಲ್ಪನಿಕ ಕೃತಿ ಎಂಬ ಪ್ರಕಟಣೆಯೊಂದಿಗೆ ಪ್ರಸಾರವಾಯಿತು. ನಮ್ಮ ಮನೆಗಳಲ್ಲಿ ಆ ಧಾರಾವಾಹಿಯನ್ನು ನೋಡದವರು ವಿರಳ. ಆ ಪ್ರಕಟಣೆಯನ್ನು ಗಂಭೀರವಾಗಿ ಓದಿದವರು ಎಷ್ಟು ಮಂದಿ? ಧಾರಾವಾಹಿಯ ಟಿಪ್ಪುವನ್ನೇ ನಿಜವಾದ ಟಿಪ್ಪುವೆಂದು ಎದೆಗೊತ್ತಿಕೊಂಡವರಿಗೆ, ಬೇರೊಂದು ಕಾದಂಬರಿಯ ಔರಂಗಜೇಬನನ್ನೇ ನಿಜವಾದ ಔರಂಗಜೇಬನೆಂದು ನಂಬಿದವರನ್ನು ಆಕ್ಷೇಪಿಸುವ ನೈತಿಕ ಅಧಿಕಾರ ಇದೆಯೇ?

ಆ ಬೇರೊಂದು ಕಾದಂಬರಿ ಎಸ್.ಎಲ್. ಭೈರಪ್ಪನವರ 'ಆವರಣ'. 2006ರಲ್ಲಿ ಅಂದಿನ ಸಚಿವ ಡಿ.ಎಚ್. ಶಂಕರಮೂರ್ತಿಯವರು ಟಿಪ್ಪುವಿನ ಬಗ್ಗೆ ಆಡಿದ ಮಾತಿನಿಂದ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೆದ್ದಿತು. ಭೈರಪ್ಪ ಮತ್ತು ಕಾರ್ನಾಡ್ ಎದುರುಬದುರಾದರು. ಮರುವರ್ಷ 'ಆವರಣ' ಬಂದು ಮುದ್ರಣದ ಮೇಲೆ ಮುದ್ರಣ ಕಂಡಿತು. ಕಾದಂಬರಿಯೊಳಗೊಂದು ಕಾದಂಬರಿಯಿಟ್ಟು, ಔರಂಗಜೇಬನ ಕಾಲದಲ್ಲಿ ಸೆರೆಸಿಕ್ಕು ಗುಲಾಮನಾದ ರಜಪೂತ ರಾಜಕುಮಾರನ ಕಥೆ ಹೇಳಿ, ಆಧಾರ ಗ್ರಂಥಗಳ ಪಟ್ಟಿಯನ್ನೂ ಅದರೊಳಗೇ ಸೇರಿಸಿದ ಕೃತಿ ಅದು. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಆಧಾರ ಗ್ರಂಥಗಳ ಪಟ್ಟಿ ಇತಿಹಾಸಕಾರನಿಗೆ ಕಡಿವಾಣ. ಪ್ರತಿ ವಾಕ್ಯಕ್ಕೂ ಆತ ಉತ್ತರದಾಯಿ. ಕಾದಂಬರಿಕಾರನಿಗೆ ಅದೇ ಪಟ್ಟಿ ಅಲಂಕಾರ. ಪಾತ್ರದ ಮನಸ್ಸಿನಲ್ಲಿ ಏನು ನಡೆಯಿತೆಂದು ಬರೆಯಲು ಅವನಿಗೆ ಯಾವ ದಾಖಲೆಯೂ ಬೇಕಿಲ್ಲ, ಪಟ್ಟಿಯ ಗಾಂಭೀರ್ಯ ಮಾತ್ರ ಆ ಕಲ್ಪನೆಗೂ ದಕ್ಕುತ್ತದೆ. ಈ ಅನುಕೂಲವನ್ನು ಯಾವ ಪಕ್ಷದ ಲೇಖಕ ಬಳಸಿದರೂ ಓದುಗ ಎಚ್ಚರವಾಗಿರಬೇಕು. ಆದರೆ 'ಆವರಣ'ವನ್ನು ಓದದೆಯೇ ಖಂಡಿಸುವ ನಮ್ಮವರ ಚಾಳಿಯನ್ನು ನಾವು ಒಪ್ಪುವುದಿಲ್ಲ. ಲಕ್ಷಾಂತರ ಕನ್ನಡಿಗರು ಏನನ್ನು ಓದಿ ನಮ್ಮ ಬಗ್ಗೆ ಅಭಿಪ್ರಾಯ ತಳೆದಿದ್ದಾರೆಂದು ತಿಳಿಯದೆ ಅವರೊಡನೆ ಸಂವಾದ ಹೇಗೆ ಸಾಧ್ಯ?

2022ರಲ್ಲಿ ಅಡ್ಡಂಡ ಕಾರ್ಯಪ್ಪನವರ 'ಟಿಪ್ಪು ನಿಜಕನಸುಗಳು' ನಾಟಕ ಬಂದಾಗ ಬೆಂಗಳೂರಿನ ನ್ಯಾಯಾಲಯವೊಂದು ಪುಸ್ತಕದ ಮಾರಾಟಕ್ಕೆ ತಾತ್ಕಾಲಿಕ ತಡೆ ನೀಡಿತು. ತಡೆ ಸಿಕ್ಕಾಗ ಸಂಭ್ರಮಿಸಿದವರಿಗೆ ನಾವು ಹೇಳುವುದಿಷ್ಟೇ: ನಿಷೇಧದಿಂದ ಪುಸ್ತಕಕ್ಕೆ ಪ್ರಚಾರ ಸಿಗುತ್ತದೆಯೇ ಹೊರತು ಸುಳ್ಳಿಗೆ ಉತ್ತರ ಸಿಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ 2023ರ ಉರಿಗೌಡ-ನಂಜೇಗೌಡ ಪ್ರಕರಣವನ್ನು ನೋಡಿ. ಟಿಪ್ಪುವನ್ನು ಕೊಂದವರು ಈ ಇಬ್ಬರು ಒಕ್ಕಲಿಗರೆಂಬ ಪ್ರಚಾರ ಚುನಾವಣೆಯ ಹೊಸ್ತಿಲಲ್ಲಿ ಆರಂಭವಾಯಿತು. ಚಲನಚಿತ್ರದ ಘೋಷಣೆಯೂ ಆಯಿತು. ಅದಕ್ಕೆ ತೆರೆ ಎಳೆದದ್ದು ಮುಸ್ಲಿಮರ ಪ್ರತಿಭಟನೆಯಲ್ಲ. ಆಧಾರವೆಲ್ಲಿ ಎಂದು ಇತಿಹಾಸಕಾರರು ಕೇಳಿದರು, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಮಧ್ಯ ಪ್ರವೇಶಿಸಿದರು, ಚಿತ್ರ ಕೈಬಿಡಲ್ಪಟ್ಟಿತು. ಆಧಾರ ಕೇಳುವ ಸರಳ ಪ್ರಶ್ನೆಗೆ ಎಷ್ಟು ಶಕ್ತಿಯಿದೆ!

ಕಥೆಗಳು ಕಥೆಗಳಾಗಿಯೇ ಉಳಿದಿದ್ದರೆ ಈ ಅಂಕಣದಲ್ಲಿ ಇಷ್ಟು ಬರೆಯಬೇಕಾಗಿರಲಿಲ್ಲ. 2015ರ ನವೆಂಬರ್ 10ರಂದು ರಾಜ್ಯ ಸರಕಾರ ಟಿಪ್ಪು ಜಯಂತಿ ಆಚರಿಸಿದಾಗ ಮಡಿಕೇರಿಯಲ್ಲಿ ಪ್ರಾಣಹಾನಿಯಾಯಿತು. ಆ ಉದ್ವಿಗ್ನತೆ ತಣಿಯುವ ಮೊದಲೇ, ಅದೇ ವಾರ, ಬಂಟ್ವಾಳದ ಬಳಿ ಇಬ್ಬರು ಗೆಳೆಯರ ಮೇಲೆ ದಾಳಿ ನಡೆಯಿತು. ಒಬ್ಬ ಹಿಂದೂ, ಒಬ್ಬ ಮುಸ್ಲಿಮ್. ಹಿಂದೂ ಯುವಕ ಸತ್ತ, ಮುಸ್ಲಿಮ್ ಗೆಳೆಯ ಗಾಯಗೊಂಡ. 1799ರಲ್ಲಿ ಸತ್ತ ದೊರೆಯೊಬ್ಬನ ಹೆಸರಿನಲ್ಲಿ ಹೊತ್ತಿದ ಕಿಚ್ಚಿನ ದಿನಗಳಲ್ಲಿ, ಆತನ ಬಗ್ಗೆ ಯಾವ ವಾದವನ್ನೂ ಹೂಡದ ಎರಡು ಬಡ ಕುಟುಂಬಗಳು ಬೆಂದವು. 2019ರಲ್ಲಿ ಸರಕಾರ ಬದಲಾಗಿ ಜಯಂತಿ ರದ್ದಾಯಿತು. ಆಚರಿಸಿದವರಿಗೂ ರದ್ದು ಮಾಡಿದವರಿಗೂ ಅದರಿಂದ ರಾಜಕೀಯ ಲಾಭವಾಯಿತು. ಸಮುದಾಯಕ್ಕೆ? ಒಂದು ಶಾಲೆಯೂ ಬರಲಿಲ್ಲ, ಒಂದು ಉದ್ಯೋಗವೂ ಬರಲಿಲ್ಲ. ಜಯಂತಿ ಬೇಕೆಂದು ಸಮುದಾಯ ಬೀದಿಗಿಳಿದು ಕೇಳಿದ್ದೂ ನಮ್ಮ ನೆನಪಿನಲ್ಲಿಲ್ಲ.

ಇನ್ನು ನಮ್ಮೊಳಗಿನ ಮಾತು. ನಮ್ಮ ಜಲ್ಸಾಗಳ ವೇದಿಕೆಯಲ್ಲಿ ಮೈಕು ಹಿಡಿದ ಕೆಲವು ಭಾಷಣಕಾರರ ಟಿಪ್ಪು ಒಬ್ಬ ವಲಿ. ಅವನಿಂದ ತಪ್ಪೇ ಘಟಿಸಿಲ್ಲ. ಉರ್ದು ಬಲ್ಲವರು ನಸೀಮ್ ಹಿಜಾಝಿಯ ಕಾದಂಬರಿಗಳಿಂದ ಎತ್ತಿಕೊಂಡ ಆವೇಶವನ್ನೇ ಚರಿತ್ರೆಯೆಂದು ಬಡಿಸುತ್ತಾರೆ. ಉರ್ದು ತಿಳಿಯದ ಬ್ಯಾರಿ ಯುವಕ ಅದನ್ನು ತಕ್ಬೀರ್‌ನೊಂದಿಗೆ ಸ್ವೀಕರಿಸುತ್ತಾನೆ. ಇಂಗ್ಲಿಷರ ವಿರುದ್ಧ ರಣರಂಗದಲ್ಲಿ ಮಡಿದ ದೊರೆ ಎಂಬ ಟಿಪ್ಪುವಿನ ಗೌರವ ನಿರ್ವಿವಾದ. 1791ರಲ್ಲಿ ಮರಾಠಾ ಸೈನ್ಯದ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ಆತ ನೆರವು ನೀಡಿದ್ದು, ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದದ್ದು, ಆ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು ದಾಖಲೆಯ ಮಾತು. ರೇಷ್ಮೆ ಕೃಷಿಯಿಂದ ರಾಕೆಟ್‌ವರೆಗೆ ಆತನ ಆಡಳಿತದ ಆಸಕ್ತಿಗಳೂ ಹಾಗೆಯೇ.

ಆದರೆ 1784 ಕೂಡ ದಾಖಲೆಯ ಮಾತು. ಆ ವರ್ಷ ಕೆನರಾದ ಕ್ರೈಸ್ತರನ್ನು, ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ, ಹೆಂಗಸರು ಮಕ್ಕಳೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಎಷ್ಟು ಸಾವಿರ ಎಂಬುದರಲ್ಲಿ ಲೆಕ್ಕಗಳು ಬೇರೆ ಬೇರೆ. ಬದುಕಿ ಮರಳಿದವರು ಕಡಿಮೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಚರ್ಚುಗಳು ನೆಲಸಮವಾದವು. ಮೂಡಬಿದ್ರೆಯ ಹೊಸಬೆಟ್ಟು ಹೋಲಿ ಕ್ರಾಸ್ ಚರ್ಚ್ ಮಾತ್ರ ಚೌಟ ಅರಸರ ಮಧ್ಯಸ್ಥಿಕೆಯಿಂದ ಉಳಿಯಿತೆಂದು ಕ್ರೈಸ್ತರ ಇತಿಹಾಸ ನೆನೆಯುತ್ತದೆ. ಜೈನ ಅರಸ, ಕ್ರೈಸ್ತ ಇಗರ್ಜಿ, ಮುಸ್ಲಿಮ್ ಸುಲ್ತಾನ: ನಮ್ಮ ನೆಲದ ಯಾವ ಕಾದಂಬರಿಕಾರನಿಗೂ ಈ ಸನ್ನಿವೇಶ ಇನ್ನೂ ಕಣ್ಣಿಗೆ ಬಿದ್ದಂತಿಲ್ಲ, ಇರಲಿ. ಫರಂಗಿಪೇಟೆಯಲ್ಲಿ ನಮ್ಮ ನೆರೆಮನೆಯವರಾದ ಕ್ರೈಸ್ತರಿಗೆ ಇದು ಪೂರ್ವಜರ ನೋವು. ಅವರೆದುರು ಟಿಪ್ಪುವಿಗೆ ರಾಜಕೀಯ ಕಾರಣಗಳಿದ್ದವು ಎಂದಷ್ಟೇ ಹೇಳಿ ಮಾತು ಮುಗಿಸುವುದು ಸಾಲದು. ಕಾರಣ ಇತ್ತು ನಿಜ. ಒಬ್ಬನ ಅಪರಾಧಕ್ಕೆ ಇನ್ನೊಬ್ಬನನ್ನು ಹೊಣೆಗಾರನಾಗಿಸುವುದನ್ನು ಇಸ್ಲಾಮ್ ಒಪ್ಪುವುದಿಲ್ಲ ಎಂಬುದೂ ಅಷ್ಟೇ ನಿಜ. ತೊಟ್ಟಿಲ ಮಗು ಇಂಗ್ಲಿಷರಿಗೆ ಯಾವ ಸಹಾಯ ಮಾಡಿತ್ತು? ಕುರ್‌ಆನಿನ ಮಾನದಂಡದಿಂದ ದೊರೆಯನ್ನು ಅಳೆಯಬೇಕೇ ಹೊರತು, ದೊರೆ ಮುಸ್ಲಿಮನೆಂಬ ಕಾರಣಕ್ಕೆ ಮಾನದಂಡವನ್ನೇ ಮೊಟಕುಗೊಳಿಸಬಾರದು.

ಇದು ನಾವು ಹೊಸದಾಗಿ ಕಲಿಯಬೇಕಾದ ಪಾಠವೂ ಅಲ್ಲ. ಪ್ರವಾದಿ(ಸ)ಯವರ ಹೆಸರಿನಲ್ಲಿ ಬಂದ ಮಾತನ್ನೂ ಹೇಳಿದವನಾರು, ಅವನಿಗೆ ಹೇಳಿದವನಾರು, ಅವರ ನಡತೆಯೇನು, ನೆನಪಿನ ಶಕ್ತಿಯೇನು ಎಂದು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದ ಹದೀಸ್ ವಿದ್ವಾಂಸರ ಪರಂಪರೆ ನಮ್ಮದು. ಪಕ್ಷಪಾತದಿಂದ ಸುಳ್ಳು ಹೇಗೆ ಇತಿಹಾಸದೊಳಗೆ ನುಸುಳುತ್ತದೆಂದು ಇಬ್ನ್ ಖಲ್ದೂನ್ ಹದಿನಾಲ್ಕನೆಯ ಶತಮಾನದಲ್ಲೇ ವಿಶ್ಲೇಷಿಸಿದ್ದರು. ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿದ್ದ ಝಿಯಾಉದ್ದೀನ್ ಬರನಿ ಆ ಸುಲ್ತಾನನ ತಪ್ಪುಗಳನ್ನು ಮುಚ್ಚಿಡಲಿಲ್ಲ. ಅದೇ ಸುಲ್ತಾನನ ಕೈಯಲ್ಲಿ ಖಾಝಿಯ ಹುದ್ದೆ ಪಡೆದ ಇಬ್ನ್ ಬತೂತ, ಅವನ ಬಾಗಿಲಲ್ಲಿ ದಾನ ಪಡೆದವರನ್ನೂ ಕಂಡಿದ್ದ, ಕೊಲ್ಲಲ್ಪಟ್ಟವರನ್ನೂ ಕಂಡಿದ್ದ. ಎರಡನ್ನೂ ಬರೆದಿಟ್ಟ. ಮುಸ್ಲಿಮ್ ದೊರೆಗಳನ್ನು ಟೀಕಿಸಿದ ಮೊದಲಿಗರು ಮುಸ್ಲಿಮ್ ಬರಹಗಾರರೇ.

ಅದೇ ಇಬ್ನ್ ಬತೂತ 1340ರ ದಶಕದಲ್ಲಿ ಮಂಗಳೂರಿಗೆ ಬಂದಿದ್ದ. ಅಲ್ಲಿ ಸುಮಾರು 4,000 ಮುಸ್ಲಿಮರು ಊರಿನ ಪಕ್ಕದಲ್ಲಿ ವಾಸವಾಗಿದ್ದರೆಂದೂ, ಊರವರೊಡನೆ ಅವರಿಗೆ ಆಗಾಗ ಕಲಹವಾಗುತ್ತಿತ್ತೆಂದೂ, ವರ್ತಕರು ಬೇಕಾದ್ದರಿಂದ ಅರಸನೇ ರಾಜಿ ಮಾಡಿಸುತ್ತಿದ್ದನೆಂದೂ ಬರೆದಿದ್ದಾನೆ. ಹೈದರಲಿ ಕೆನರಾವನ್ನು ಗೆದ್ದದ್ದು 1763ರಲ್ಲಿ. ನಡುವೆ ನಾಲ್ಕು ಶತಮಾನಗಳಿವೆ. ಕರಾವಳಿಯ ಬ್ಯಾರಿಗಳು ಯಾವ ಸುಲ್ತಾನನ ಖಡ್ಗದ ನೆರಳಿನಲ್ಲೂ ಇಲ್ಲಿಗೆ ಬಂದವರಲ್ಲ. ಸಮುದ್ರದ ವ್ಯಾಪಾರ ಅವರನ್ನು ತಂದಿತು, ಹಿಂದೂ ಮತ್ತು ಜೈನ ಅರಸರು ಜಾಗ ಕೊಟ್ಟರು. ನೇತ್ರಾವತಿಯ ದಡದ ಬಂಟ್ವಾಳ ಘಟ್ಟದ ಮೇಲಿನ ವ್ಯಾಪಾರಕ್ಕೆ ಹೆಬ್ಬಾಗಿಲಾಗಿದ್ದ ಕಾಲದಿಂದ ಅವರ ದುಡಿಮೆ ಈ ಮಣ್ಣಿನಲ್ಲಿ ಬೆರೆತಿದೆ. ಹೀಗಿರುವಾಗ ನಮ್ಮನ್ನು ಟಿಪ್ಪುವಿನ ಸಂತಾನವೆಂದು ಹೀಯಾಳಿಸುವವರೂ, ಹೌದು ನಾವು ಟಿಪ್ಪುವಿನ ಸಂತಾನವೆಂದು ಎದೆ ತಟ್ಟುವ ನಮ್ಮ ಹುಡುಗರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಗಡಾಯಿಕಲ್ಲಿನ ಚರಿತ್ರೆಯೂ ಅಷ್ಟು ಸರಳವಲ್ಲ. 1799ರಲ್ಲಿ ಕೋಟೆ ಇಂಗ್ಲಿಷರ ಪಾಲಾದ ಮೇಲೆ ಅದನ್ನು ಮರಳಿ ಕಿತ್ತುಕೊಂಡು 1800ರಲ್ಲಿ ಕೆಲಕಾಲ ಹಿಡಿದಿಟ್ಟವನ ಹೆಸರು ತಿಮ್ಮ ನಾಯಕ.

ಕಾದಂಬರಿಗೆ ಉತ್ತರ ಕಾದಂಬರಿಯೇ. ಬೊಳುವಾರು ಮಹಮದ್ ಕುಂಞಿ ಅವರು 'ಸ್ವಾತಂತ್ರ್ಯದ ಓಟ'ದಲ್ಲಿ ಸಾಮಾನ್ಯ ಮುಸ್ಲಿಮನೊಬ್ಬನ ಮೂಲಕ ದೇಶದ ಚರಿತ್ರೆಯನ್ನೇ ಹೇಳಿ ದಾರಿ ತೋರಿಸಿದ್ದಾರೆ. ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದು 2007ರಲ್ಲಿ, 'ಆವರಣ' ಬಂದ ವರ್ಷವೇ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ತಾಯಂದಿರ, ಪಾಣೆಮಂಗಳೂರಿನ ಕಡವಿನಲ್ಲಿ ದೋಣಿ ನಡೆಸಿದವರ ಕಥೆ ಬರೆಯುವವರು ಬೇಕು. ಸುಲ್ತಾನರಿಗೆ ಲೇಖಕರ ಕೊರತೆ ಎಂದೂ ಆಗಿಲ್ಲ.

ಜಮಾಅತ್ ಸಮಿತಿಗಳಿಗೆ ನಮ್ಮದೊಂದು ಸಲಹೆಯಿದೆ. ಈ ಮೂರು ತಾಲೂಕುಗಳ ಪ್ರತಿ ಮದ್ರಸದಲ್ಲಿ ಒಂದು ಕಪಾಟು ಇಡಿ. ಅದರಲ್ಲಿ ಕಾರ್ನಾಡ್, ಗಿದ್ವಾನಿ, ಬೊಳುವಾರರ ಪುಸ್ತಕಗಳ ಜೊತೆ 'ಆವರಣ'ವೂ ಇರಲಿ, ಕ್ರೈಸ್ತರು ಬರೆದ ತಮ್ಮ ಸೆರೆವಾಸದ ಚರಿತ್ರೆಯೂ ಇರಲಿ. ವರ್ಷಕ್ಕೊಮ್ಮೆ ಹಿರಿಯ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದೊಯ್ಯಿರಿ: ಬೆಳಿಗ್ಗೆ ಗಡಾಯಿಕಲ್ಲು, ಮಧ್ಯಾಹ್ನ ಮೂಡಬಿದ್ರೆಯ ಸಾವಿರ ಕಂಬದ ಬಸದಿ ಮತ್ತು ಹೊಸಬೆಟ್ಟಿನ ಚರ್ಚು, ಸಂಜೆ ಫರಂಗಿಪೇಟೆ. ಖರ್ಚಿನ ಚಿಂತೆ ಬೇಡ. ಒಂದು ರಾತ್ರಿಯ ಜಲ್ಸಾದ ಶಾಮಿಯಾನ ಮತ್ತು ಧ್ವನಿವರ್ಧಕದ ಬಾಡಿಗೆಯನ್ನು ಉಳಿಸಿದರೆ ಬಸ್ಸಿನ ಬಾಡಿಗೆ ಹೊಂದಿಸುವುದು ಕಷ್ಟವಾಗದು.